ಪೆನ್‌ಡ್ರೈವ್ ಲಿನಕ್ಸಿನಲ್ಲಿ ಕನ್ನಡ ಕೀಲಿಮಣೆ: ತಾತ್ವಿಕ ನೆಲೆಗಳ ಒಂದು ಅನುಸಂಧಾನ

ಪ್ರಸ್ತುತ ಸಂಪ್ರಬಂಧವು ಜೇಬಿನಲ್ಲಿ ಒಯ್ಯಬಹುದಾದ ಲಿನಕ್ಸಿನೊಳಗೆ ಕನ್ನಡ ಕೀಲಿವಿನ್ಯಾಸವನ್ನು ಪ್ರತಿಷ್ಠಾಪಿಸುವ ಪ್ರಕ್ರಿಯೆಯನ್ನು ಸಂರಚನಾತ್ಮಕ-ಆನುಭಾವಿಕ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. (ವಿನಮ್ರವಲ್ಲದ ಪ್ರಯತ್ನಕ್ಕೆ ಡಾಕ್ಟರೇಟ್ ಕೊಡುವ ರೂಢಿಯಿಲ್ಲ.)

1. ವ್ಯಾಪ್ತಿ ಮತ್ತು ಮಿತಿ
ವ್ಯಾಪ್ತಿ: 16 ಜಿಬಿಯ ಒಂದು ಪೆನ್‌ಡ್ರೈವ್. ಮಿತಿ: ಸಂಶೋಧಕನ ತಾಳ್ಮೆ.

2. ಕ್ಷಣಿಕವಾದ
ಬೌದ್ಧರ ಕ್ಷಣಿಕವಾದಕ್ಕೆ ಪೆನ್‌ಡ್ರೈವ್ ಲಿನಕ್ಸಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಮೂಲ ವ್ಯವಸ್ಥೆಯು ಸ್ಕ್ವಾಶ್‌ಎಫ್‌ಎಸ್ ಎಂಬ, ಓದಲಷ್ಟೇ ಬರುವ ಗಂಟಿನೊಳಗೆ ಕೂತಿರುತ್ತದೆ. ನಾವು ಮಾಡಿದ ತಿದ್ದುಪಡಿಗಳೆಲ್ಲ ರ‍್ಯಾಮಿನಲ್ಲಿ ತೇಲುತ್ತವೆ. ಯಂತ್ರ ಆರಿಸಿದೊಡನೆ ಕನ್ನಡಕ್ಕೆ ಮೋಕ್ಷ; ಯಂತ್ರಕ್ಕೆ ಮರುದಿನ ಪುನರ್ಜನ್ಮ, ಅಮೆರಿಕನ್ ಇಂಗ್ಲಿಷ್ ಯೋನಿಯಲ್ಲಿ.

3. ವರ್ಗೀಕರಣ
ಕೀಲಿವಿನ್ಯಾಸದ ಸಾಧಕರು ಐದು ಬಗೆ.
(ಅ) ಆದೇಶವಾದಿಗಳು: ಟರ್ಮಿನಲ್ ತೆರೆದು ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಎಂಬ ಮಂತ್ರ ಜಪಿಸುವವರು. ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆ ಬಂದಮೇಲೆ ಮಂತ್ರ ಫಲಿಸುತ್ತಿಲ್ಲ.
(ಆ) ಮಧ್ಯವರ್ತಿವಾದಿಗಳು: ಐಬಸ್ ಮತ್ತು ಎಂ17ಎನ್ ಎಂಬ ಬೆರಳಚ್ಚು ತಂತ್ರಾಂಶಗಳನ್ನು ನಂಬಿದವರು. ಲಾಗೌಟ್ ಆಗಿ ಮತ್ತೆ ಬರುವುದೇ ಇವರ ನಿತ್ಯಕರ್ಮ.
(ಇ) ಕಡತವಾದಿಗಳು: ವ್ಯವಸ್ಥೆಯ ಹೊಂದಿಕೆಗಳಿರುವ ಇಟಿಸಿ ಕೋಶದೊಳಗೆ ಕೈಹಾಕಿ ಒಂದು ಉದ್ಧರಣ ಚಿಹ್ನೆ ಮರೆತು ಬರುವವರು.
(ಈ) ಸಾಕು. ಇವರೆಲ್ಲ ನಾನೇ. ಒಂದೇ ರಾತ್ರಿ, ಒಂದೇ ಕುರ್ಚಿ.

4. ಪ್ರಭೇದ ಮೀಮಾಂಸೆ
ಆ ಕಡತದಲ್ಲಿ ವಿನ್ಯಾಸ ‘ಇನ್’ ಎಂದಷ್ಟೇ ಬರೆದೆ. ಇನ್ ಎಂದರೆ ಇಂಡಿಯಾ. ಪರದೆಯ ಮೇಲೆ ದೇವನಾಗರಿ ಮೂಡಿತು. ಕನ್ನಡ ಬೇಕೆನ್ನುವವನು ಮುಂದಿನ ಸಾಲಿಗೆ ಹೋಗಿ ‘ಪ್ರಭೇದ’ ಎಂಬಲ್ಲಿ ಕೋರಿಕೆ ಸಲ್ಲಿಸಬೇಕು: ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ ಬೇಕಿದ್ದರೆ ‘ಕನ್’, ಕಗಪ ಬೇಕಿದ್ದರೆ ‘ಕನ್-ಕಗಪ’. ಇಲ್ಲಿ ಸಂಶೋಧಕನು ವಸ್ತುನಿಷ್ಠ ನಿರ್ಲಿಪ್ತತೆಯನ್ನು ಕಾಪಾಡಿಕೊಳ್ಳತಕ್ಕದ್ದು.

ಆಗುವುದಿಲ್ಲ. ಹಲ್ಮಿಡಿಯ ಕನ್ನಡ ಶಾಸನದ ಕಲ್ಲಿಗೆ ಸುಮಾರು 1500 ವರ್ಷ. ಅದನ್ನು ಯಾರೂ ದಿನಾ ಬೆಳಗ್ಗೆ ಎದ್ದು ಹೊಸದಾಗಿ ಕೆತ್ತಬೇಕಾಗಿ ಬಂದಿಲ್ಲ. ನಾನು ಮಾತ್ರ ನನ್ನ ಭಾಷೆ ಯಾವುದೆಂದು ಈ ಯಂತ್ರಕ್ಕೆ ದಿನವೂ ಅರ್ಜಿ ಬರೆಯಬೇಕು, ಅದನ್ನೂ ಇಂಗ್ಲಿಷಿನಲ್ಲಿ. ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ. ಇದನ್ನೆಲ್ಲ ಕಟ್ಟಿದವರಲ್ಲಿ ಎಷ್ಟೋ ಮಂದಿ ಕಾಸು ಮುಟ್ಟದೆ ದುಡಿದವರು. ಕೋಪಕ್ಕೆ ಗುರಿಯೂ ಇಲ್ಲದ ಮೇಲೆ ಅದು ಹೊಟ್ಟೆಯೊಳಗೇ ಕುದಿಯುತ್ತದೆ.

5. ಚುಕ್ಕೆಗಳ ಭಾಷಾವಿಜ್ಞಾನ
ಚಹಾ ಕುಡಿದು ಬರುವಷ್ಟರಲ್ಲಿ ಪರದೆಗೆ ಬೀಗ ಬಿದ್ದಿತ್ತು; ಕೀಲಿಮಣೆ ಕನ್ನಡದಲ್ಲೇ ಉಳಿದಿತ್ತು. ಪಾಸ್‌ವರ್ಡ್ ಒತ್ತಿದರೆ ಕಾಣುವುದು ಚುಕ್ಕೆ, ಚುಕ್ಕೆಗೆ ಭಾಷೆಯಿಲ್ಲ. ಹನ್ನೊಂದು ಸಲ ಸೋತೆ. ಕೊನೆಗೆ ಪವರ್ ಗುಂಡಿ ಅದುಮಿದೆ. ಕ್ಷಣಿಕವಾದ ನೋಡಿ.

6. ನಿರ್ಣಯ
ಮದ್ದು ಇದೆ. ನಿಮ್ಮದು ಡೆಬಿಯನ್ ಲೈವ್ ಎಂಬ ಲಿನಕ್ಸ್ ಆದರೆ ಪೆನ್‌ಡ್ರೈವಿನ ಉಳಿದ ಜಾಗದಲ್ಲಿ ‘ಪರ್ಸಿಸ್ಟೆನ್ಸ್’ ಎಂಬ ಹೆಸರಿಟ್ಟು ಒಂದು ವಿಭಾಗ ಮಾಡಿ, ಅದರೊಳಗೆ ಒಂದೇ ಸಾಲಿನ ಒಂದು ಕಡತ ಇಟ್ಟು, ಬೂಟ್ ಮಾಡುವಾಗ ಆದೇಶದ ಸಾಲಿಗೆ ಅದೇ ಪದ ಸೇರಿಸಬೇಕು. ಆಮೇಲೆ ಯಂತ್ರ ಆರಿಸಿದರೂ ಕನ್ನಡ ಉಳಿಯುತ್ತದೆ. ಇಷ್ಟನ್ನು ತಿಳಿಯಾದ ಕನ್ನಡದಲ್ಲಿ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಮೂರು ರಾತ್ರಿ ಉಳಿಯುತ್ತಿತ್ತು, ನಿಮಗೆ ಈ ಸಂಪ್ರಬಂಧ ತಪ್ಪುತ್ತಿತ್ತು.

‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಬರೆಯಲು 7 ಕೀಲಿ ಒತ್ತಬೇಕು. ಕಗಪ ವಿನ್ಯಾಸದಲ್ಲಿ ಕನ್ನಡದಲ್ಲೇ ಬರೆಯಲು 5 ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯು.