ಉಪಾಹಾರ ಪ್ರದಕ್ಷಿಣ ಮೀಮಾಂಸೆ

ಇಟಲಿಯ ಬೊಲೋನ್ಯಾದಲ್ಲಿ ತಿಂಡಿ ತಿನ್ನಿಸುತ್ತ ಊರು ಸುತ್ತಿಸುವುದು ಒಂದು ಕಸುಬು. ಕೊಡೆ ಎತ್ತಿ ಹಿಡಿದ ಮಾರ್ಗದರ್ಶಿ ಮುಂದೆ, ಹಸಿದ ಪರದೇಶಿಗಳು ಹಿಂದೆ. ಅಲ್ಲಿನ ಕಮಾನು ಜಗಲಿಗಳ ಒಟ್ಟು ಉದ್ದ 62 ಕಿ.ಮೀ. ಅಂತೆ, ಆದ್ದರಿಂದ ಮಳೆಗೆ ತಿಂಡಿಯೂ ನೆನೆಯದು, ತಿನ್ನುವವರೂ ನೆನೆಯರು. ಇಂಥದ್ದೊಂದು ಪದ್ಧತಿಯನ್ನು ಉಡುಪಿಯಲ್ಲಿ ಶಾಸ್ತ್ರೋಕ್ತವಾಗಿ ಸ್ಥಾಪಿಸುವುದೇ ಈ ಗ್ರಂಥದ ವಿಷಯ. ಹೊಟ್ಟೆ ತುಂಬುವುದು ಪ್ರಯೋಜನ. ಕಾಲಿಗೂ ನಾಲಗೆಗೂ ಇರುವುದು ಸಂಬಂಧ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಭಿನ್ನಮತವಿದೆ: ಮಧುಮೇಹಿಗಳಿಗೆ ಅಧಿಕಾರವಿಲ್ಲ ಎಂದು ವೈದ್ಯರು, ಎಲ್ಲರಿಗಿಂತ ಮೊದಲು ಬಂದು ನಿಲ್ಲುವವರು ಅವರೇ ಎಂದು ಅನುಭವಿಗಳು.

ಮೊದಲು ಕ್ರಮವಿಚಾರ. ರಥಬೀದಿಗೆ ಬಂದವನು ಚಂದ್ರಮೌಳೀಶ್ವರನನ್ನು ಕಂಡು, ಅನಂತೇಶ್ವರನಿಗೆ ಕೈಮುಗಿದು, ಆಮೇಲೆ ಕೃಷ್ಣದರ್ಶನಕ್ಕೆ ಹೋಗಬೇಕೆಂಬುದು ಸಂಪ್ರದಾಯ. ನಾಲ್ಕನೆಯದು ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ ಎಂಬುದು ಯಾವ ಮಠದ ಕಟ್ಟಳೆಯಲ್ಲೂ ಇಲ್ಲ. ಆದರೂ ಜನ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ; ಇದನ್ನು ಶಿಷ್ಟಾಚಾರವೆಂದು ಒಪ್ಪಬೇಕು.

ಒಳ್ಳೆಯ ತಿಂಡಿ ಎಲ್ಲಿದೆ ಎಂದು ತಿಳಿಯುವ ಬಗೆ ಹೇಗೆ? ಮಾಧ್ವರು ಒಪ್ಪುವ ಪ್ರಮಾಣಗಳು ಮೂರು. ಕಾದ ಎಣ್ಣೆಯ ಪರಿಮಳ ಪ್ರತ್ಯಕ್ಷ. ಎಲ್ಲೆಲ್ಲಿ ಸ್ಕೂಟರುಗಳು ಅಡ್ಡಾದಿಡ್ಡಿ ನಿಂತಿವೆಯೋ ಅಲ್ಲಲ್ಲಿ ಬಜೆ ಬಿಸಿ ಇರುತ್ತದೆ ಎಂಬುದು ಅನುಮಾನ. ರಿಕ್ಷಾದವರ ಮಾತು ಆಗಮ. ಉಪಮಾನವನ್ನು ಇವರು ಬೇರೊಂದು ಪ್ರಮಾಣವೆಂದು ಎಣಿಸುವುದಿಲ್ಲವಾದ್ದರಿಂದ, “ನಮ್ಮ ಬೆಂಗಳೂರಿನ ದೋಸೆಯ ಹಾಗೇ ಇದೆ” ಎನ್ನುವವನನ್ನು ಗುಂಪಿನಿಂದ ಹೊರಗಿಡತಕ್ಕದ್ದು.

ಇನ್ನು ಮಾನವಿಚಾರ. ಬೊಲೋನ್ಯಾದವರು 1972ರಲ್ಲಿ ತಮ್ಮ ತಾಲ್ಯತೆಲ್ಲೆ ಎಂಬ ಶ್ಯಾವಿಗೆಯ ಅಗಲವನ್ನು ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿದರು. ಬೆಂದ ಮೇಲೆ ಎಂಟು ಮಿಲಿಮೀಟರ್, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಪಾಲು. ಮಾದರಿಗೆಂದು ಚಿನ್ನದ್ದೊಂದು ಎಳೆಯನ್ನೂ ಇಟ್ಟಿದ್ದಾರೆ. ಇದನ್ನು ಓದಿದಂದಿನಿಂದ ಈ ಗ್ರಂಥಕರ್ತನಿಗೆ ನಿದ್ದೆಯಿಲ್ಲ. ನಮ್ಮಲ್ಲೇನು ಎತ್ತರದ ವಸ್ತುಗಳಿಗೆ ಬರವೇ? ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನಿದ್ದಾನೆ. ಎಣ್ಣೆಯಿಂದ ಎತ್ತಿದ ಗೋಳಿಬಜೆಯ ಅಡ್ಡಗಲ ನಾಲ್ಕು ಸೆಂಟಿಮೀಟರ್ ಎಂದು ಹಿಡಿದರೆ ಅದು ಗೊಮ್ಮಟನ 320ನೇ ಒಂದು ಪಾಲು. ಲೆಕ್ಕ ಎಷ್ಟು ಸಲೀಸು ನೋಡಿ. ಇಟಲಿಯವರ ಹಾಗೆ ಹನ್ನೆರಡು ಸಾವಿರ ಎಣಿಸುವ ತಾಪತ್ರಯವಿಲ್ಲ.

ಇಲ್ಲಿ ಪೂರ್ವಪಕ್ಷ: ಅನ್ನಾಹಾರ ಬಿಟ್ಟು, ಮೈಗೆ ಬಳ್ಳಿ ಹಬ್ಬುವ ತನಕ ತಪಸ್ಸಿಗೆ ನಿಂತವನನ್ನು ಕರಿದ ತಿಂಡಿಗೆ ಅಳತೆಗೋಲು ಮಾಡುವುದು ಸರಿಯೇ? ಸಿದ್ಧಾಂತ: ಸರಿ. ತಿನ್ನುವ ಆಸೆಯಿದ್ದವನನ್ನು ಅಳತೆಗೆ ನಿಲ್ಲಿಸಿದರೆ ಪಕ್ಷಪಾತ ಬರುತ್ತದೆ.

ಗೋಳಿಬಜೆ ಗುಂಡಗಿರಲೇಬೇಕೇ ಎಂಬುದು ಮತ್ತೊಂದು ಆಕ್ಷೇಪ. ಹುಳಿ ಮಜ್ಜಿಗೆಯಲ್ಲಿ ಕಲಸಿದ ಮೈದಾ, ಶುಂಠಿ, ಹಸಿಮೆಣಸು, ಕರಿಬೇವು, ತೆಂಗಿನಕಾಯಿಯ ಚೂರು. ಹಿಟ್ಟು ಬೆರಳತುದಿಯಿಂದ ಜಾರಿ ಬಾಣಲೆಗೆ ಬೀಳುವಾಗ ಒಂದೆರಡಕ್ಕೆ ಬಾಲ ಬಂದೇ ಬರುತ್ತದೆ. ಆ ಬಾಲವೇ ಬಹಳ ಗರಿಗರಿ. ಬಲ್ಲವರು ಮೊದಲು ಬಾಲ ಮುರಿದು ಚಟ್ನಿಗೆ ಅದ್ದುತ್ತಾರೆ. ಹೀಗಾಗಿ ಚಿನ್ನದ ಮಾದರಿ ಮಾಡಿಸುವುದಾದರೆ ಬಾಲಸಹಿತವಾಗಿಯೇ ಮಾಡಿಸಬೇಕು. ಖರ್ಚು ಹೆಚ್ಚಾದರೆ ಮಣಿಪಾಲದವರನ್ನು ಕೇಳಬಹುದು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಎಂದು ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಒಟ್ಟುಮಾಡಿದ ನಾಡಿದು. ನಿಜ ಹೇಳಬೇಕೆಂದರೆ ಈ ಸೀಮೆಯ ಮೊದಲ ಕಾಲ್ನಡಿಗೆ ಪ್ರವಾಸಿ ಆ ಪಿಗ್ಮಿ ಏಜೆಂಟನೇ. ಹೋದ ಮನೆಯಲ್ಲೆಲ್ಲ ಚಾ ಸಿಕ್ಕಿರಲಿಕ್ಕೂ ಸಾಕು.

ಭೇದವಿಚಾರ ಸ್ವಲ್ಪ ಸೂಕ್ಷ್ಮ. ಗಡ್‌ಬಡ್ ಐಸ್‌ಕ್ರೀಮು ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದು ಇಲ್ಲಿನವರ ಮತ. ಮಂಗಳೂರಿನವರಿಗೆ ಅವರದೇ ಮತವಿದೆ. ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಮಿನ ಮೇಲೆ ಜೆಲ್ಲಿ, ಹಣ್ಣು, ಗೋಡಂಬಿ, ಮತ್ತೆ ಐಸ್‌ಕ್ರೀಮು. ಉದ್ದ ಚಮಚ ಹಿಡಿದು ಒಂದೊಂದೇ ಪದರ ತಿನ್ನುವವನು ಭೇದವಾದಿ. ಬಂದ ಕೂಡಲೇ ಎಲ್ಲವನ್ನೂ ಕದಡಿ ಬಿಡುವವನು ಅದ್ವೈತಿ. ಎಂಟು ಮಠಗಳ ಊರಿನಲ್ಲಿ ಎರಡನೆಯವನು ಮೂಲೆಯ ಮೇಜು ಹಿಡಿಯುವುದು ಕ್ಷೇಮ.

ಪ್ರದಕ್ಷಿಣೆ ಕಾಪುವಿಗೂ ವಿಸ್ತರಿಸಬೇಕೆಂಬವರಿದ್ದಾರೆ. ಹದಿಮೂರು ಕಿಲೋಮೀಟರು ನಡೆಯುವವರು ಯಾರು? ಆದರೂ ದಾರಿಯಲ್ಲಿ ಕಟಪಾಡಿಯ ಹತ್ತಿರ ಮಟ್ಟು ಇದೆ. ಅಲ್ಲಿನ ಹಸುರು ಗುಳ್ಳದ ಬೀಜ ವಾದಿರಾಜರು ಕೊಟ್ಟದ್ದೆಂದು ಐತಿಹ್ಯ. 2011ರಲ್ಲಿ ಸರಕಾರವೂ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮುದ್ರೆ ಒತ್ತಿತು. ಪರ್ಯಾಯದ ಹೊರೆಕಾಣಿಕೆಗೆ ಬರುವ ಈ ಬದನೆಯ ಹುಳಿಯನ್ನು ಉಣ್ಣದೆ ಉಡುಪಿ ಊಟ ಮಾಡಿದೆ ಎನ್ನುವವನ ಮಾತು ಅಪ್ರಮಾಣ. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡಕ್ಕೆ ಹೋದರೆ ಗಾಳಿಯೇ ಶಾಸ್ತ್ರವನ್ನು ಬದಲಾಯಿಸುತ್ತದೆ. ದೇಶವಿಡೀ “ಉಡುಪಿ” ಎಂಬ ಬೋರ್ಡಿನಡಿ ಇಡ್ಲಿ ಸಾಂಬಾರು ಮಾತ್ರ ಕಂಡವರಿಗೆ, ಈ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಬಂಗುಡೆ ಪುಳಿಮುಂಚಿಯೂ ಉಡುಪಿಯ ಅಡುಗೆಯೇ ಎಂದು ಮಾರ್ಗದರ್ಶಿ ಇಲ್ಲಿ ಹೇಳಲೇಬೇಕು. ರಥಬೀದಿಯಲ್ಲಿ ಹೇಳಬಾರದು. ಅಷ್ಟೇ ವ್ಯತ್ಯಾಸ.

ಈಗ ಗ್ರಂಥದ ಕಠಿಣ ಭಾಗ. ದುಡ್ಡು ಪಡೆದು ಕರೆದೊಯ್ಯುವ ಈ ಪ್ರವಾಸದ ಅತ್ಯುತ್ತಮ ಊಟ ಕೃಷ್ಣಮಠದ ಭೋಜನಶಾಲೆಯದ್ದು, ಅದು ಧರ್ಮಾರ್ಥ. ಪುಕ್ಕಟೆ ಸಿಗುವುದಕ್ಕೆ ಟಿಕೇಟು ಹರಿಯುವುದು ಹೇಗೆ? ವಿವರಣೆಗೆ ದುಡ್ಡು, ಅನ್ನಕ್ಕಲ್ಲ ಎಂಬುದು ಮಾರ್ಗದರ್ಶಿಯ ಸಮಾಧಾನ. ಆದರೆ ಚಾತುರ್ಮಾಸ್ಯದ ಮಹಿಮೆಯನ್ನು ಅವನು ಪಂಕ್ತಿಯಲ್ಲಿ ಕೂತು ಆರಂಭಿಸುತ್ತಾನೆ ಎನ್ನಿ. ವ್ರತ ಹಿಡಿದವರಿಗೆ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ ಎನ್ನುವಷ್ಟರಲ್ಲಿ ಸಾರಿನವನು ಬಂದು ಹೋಗಿರುತ್ತಾನೆ. ಮೂರನೆಯದರಲ್ಲಿ ಹಾಲಿಲ್ಲ ಎನ್ನುವಾಗ ಪಾಯಸ ದಾಟುತ್ತದೆ. ದ್ವಿದಳ ಧಾನ್ಯ ಬಿಡುವ ನಾಲ್ಕನೆಯ ತಿಂಗಳಿಗೆ ಬರುವ ಹೊತ್ತಿಗೆ ಎದುರಿಗಿರುವುದು ಮಜ್ಜಿಗೆ. ಬಡಿಸುವವರು ಯಾರ ಪ್ರವಚನಕ್ಕೂ ನಿಲ್ಲುವವರಲ್ಲ.

ಕೊನೆಗೆ ದಕ್ಷಿಣೆ. ಉಣ್ಣುವಾಗ ಕೇಳುವುದು ಶಾಸ್ತ್ರವಿರುದ್ಧ; ಕೈ ತೊಳೆದ ಮೇಲೆ ಗುಂಪು ಕೈಗೆ ಸಿಗುವುದಿಲ್ಲ. ಸಿಕ್ಕಿದವರಲ್ಲೂ ಗ್ರಂಥಾವಲೋಕನ ಮಾಡಿದವನೊಬ್ಬ ಇದ್ದರೆ ಫಜೀತಿ. ಪಾಜಕದಲ್ಲಿ ಬಾಲಕ ಮಧ್ವರು ತಂದೆಯ ಸಾಲವನ್ನು ಹುಣಸೆಬೀಜ ಕೊಟ್ಟು ತೀರಿಸಿದರೆಂಬ ಕಥೆ ಸುಮಧ್ವವಿಜಯದಲ್ಲೇ ಇದೆಯಲ್ಲ ಸ್ವಾಮಿ ಎಂದು ಅವನು ಜೇಬಿಗೆ ಕೈ ಹಾಕುತ್ತಾನೆ. ಮಾರ್ಗದರ್ಶಿ ಆಗ ವಾದಕ್ಕಿಳಿಯದೆ ಕ್ಯೂಆರ್ ಕೋಡು ಮುಂದೆ ಹಿಡಿಯತಕ್ಕದ್ದು.