ತಾಮ್ರದ ಬದು

ಹುಲಗೂರಿಗೆ ಪರಸ್ಥಳದವರು ಬರುವುದು ದರ್ಗಾಕ್ಕೆ. ಶಿಶುನಾಳ ಶರೀಫರ ತಂದೆತಾಯಿ ಇಲ್ಲಿನ ಖಾದರಷಾವಲಿಗೆ ಹರಕೆ ಹೊತ್ತು ಮಗನನ್ನು ಪಡೆದರೆಂಬ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವುದೇ ನನಗೆ ತೊಂದರೆ. ನಾನು ಇಸ್ತ್ರಿ ಪೆಟ್ಟಿಗೆ ಕಾಯಿಸಿ ತಾಮ್ರದ ಹಲಗೆಯ ಮೇಲೆ ಒತ್ತುತ್ತ ಕೂತಾಗಲೆಲ್ಲ ಅವ್ವ ಬಾಗಿಲಲ್ಲಿ ನಿಂತು ಶುರುಮಾಡುತ್ತಾಳೆ: ‘ಅವರೂ ಇಲ್ಲೇ ಹರಕಿ ಹೊತ್ರು, ಶರೀಫಜ್ಜ ಹುಟ್ಟಿದ. ನಾನೂ ಇಲ್ಲೇ ಹೊತ್ತೆ. ಅಂಗಿ ಬಿಟ್ಟು ಹಲಗಿಗೆ ಇಸ್ತ್ರಿ ಮಾಡಾವ ಹುಟ್ಟಿದ.’

ಹಲಗೆ ಎಂದರೆ ಪಿಸಿಬಿ. ರೇಡಿಯೊ, ಮೊಬೈಲು ಬಿಚ್ಚಿದರೆ ಒಳಗೆ ಕಾಣುವ ಹಸಿರು ಬೋರ್ಡು. ಅದನ್ನು ಮನೆಯಲ್ಲೇ ಮಾಡಬಹುದು. ಸರ್ಕಿಟ್ಟಿನ ನಕ್ಷೆಯನ್ನು ಎಡಬಲ ತಿರುಗಿಸಿ, ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟರಿನಲ್ಲಿ ತೆಗೆಸಬೇಕು. ಟೋನರ್ ಎಂಬುದು ಬಹುಪಾಲು ಪ್ಲಾಸ್ಟಿಕ್ ಪುಡಿ. ಬಿಸಿ ತಾಗಿದರೆ ಕರಗಿ ತಾಮ್ರಕ್ಕೆ ಅಂಟುತ್ತದೆ. ಝೆರಾಕ್ಸ್ ಅಂಗಡಿಯ ಹುಡುಗ ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು, ‘ಅಣ್ಣಾರ, ಇದು ಯಾವ ಹೊಲದ ನಕಾಶಿರಿ?’ ಎಂದು ಕೇಳಿದ್ದ. ಆ ಹೊತ್ತಿಗೆ ನಕ್ಕೆ. ಅವನ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದು ಆಮೇಲೆ ತಿಳಿಯಿತು.

ಇಸ್ತ್ರಿಗೆ ಮೊದಲು ತಾಮ್ರದ ಕಿಲುಬು ಹೋಗಬೇಕು. ಬಲ್ಲವರು ಏನೇನೋ ದ್ರಾವಣ ಹೇಳುತ್ತಾರೆ. ಅವ್ವ ಏನೂ ಕೇಳದೆ ಹುಣಸೆಹಣ್ಣು, ಉಪ್ಪು ತಂದು ತಂಬಿಗೆ ತಿಕ್ಕುವ ಕೈಯಲ್ಲೇ ನಾಲ್ಕು ಸಲ ತಿಕ್ಕಿ ಕೊಟ್ಟಳು. ಫಳಫಳ. ಹುಳಿ ಕಿಲುಬನ್ನು ಕರಗಿಸುತ್ತದೆ ಎಂಬ ರಸಾಯನಶಾಸ್ತ್ರವನ್ನು ಆಕೆಗೆ ವಿವರಿಸಹೋಗಿ ಬೈಸಿಕೊಂಡೆ.

ಆಮೇಲಿನದು ಫೆರಿಕ್ ಕ್ಲೋರೈಡ್. ಈ ಕಂದು ನೀರು ಟೋನರ್ ಅಂಟಿದ ಗೆರೆಗಳನ್ನು ಬಿಟ್ಟು ಮಿಕ್ಕ ತಾಮ್ರವನ್ನೆಲ್ಲ ತಿನ್ನುತ್ತದೆ. ಅಲ್ಯೂಮಿನಿಯಂ ಬೋಗುಣಿಯನ್ನೂ ತಿನ್ನುತ್ತದೆ, ಸ್ಟೀಲನ್ನೂ ಬಿಡುವುದಿಲ್ಲ. ಹೀಗಾಗಿ ಅಡುಗೆಮನೆಯಲ್ಲಿ ನನಗೆ ಮಂಜೂರಾದದ್ದು ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿಯೊಂದೇ.

ದಪ್ಪ ಗೆರೆಯಾದರೆ ಇಷ್ಟಕ್ಕೆ ಕೆಲಸ ಮುಗಿಯಿತು. ಸಣ್ಣ ಗೆರೆಯ ಕತೆ ಬೇರೆ. ಫೆರಿಕ್ ಕ್ಲೋರೈಡ್ ಕೆಳಕ್ಕಷ್ಟೇ ಇಳಿಯುವುದಿಲ್ಲ. ವರ್ಷವರ್ಷ ರಂಟೆ ಹೊಡೆಯುವಾಗ ಬದುವನ್ನು ಒಂದೊಂದು ಗೇಣು ಸವರಿಕೊಳ್ಳುವ ಬಾಜೂ ಹೊಲದವನಂತೆ, ಟೋನರಿನ ಅಡಿಗೆ ನುಸುಳಿ ಪಕ್ಕಕ್ಕೂ ಒತ್ತುತ್ತದೆ. ಮೇಲಿಂದ ನೋಡಿದರೆ ಗಡಿ ಇದ್ದಲ್ಲೇ ಇದೆ, ಅಡಿಯಲ್ಲಿ ಮಾತ್ರ ಬದು ಇಲ್ಲ. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ಅಷ್ಟು ಆಳ ತಿನ್ನುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟನ್ನೇ ಎರಡೂ ಮಗ್ಗುಲಿಂದ ಕೆರೆದಿರುತ್ತದೆ. 0.2 ಮಿಲಿಮೀಟರ್ ಎಂದು ಬರೆದ ಗೆರೆ 0.13ಕ್ಕೆ ಇಳಿಯುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿರೋ, ಗೆರೆಯೇ ನಾಪತ್ತೆ. ಉಪಾಯಗಳಿವೆ: ಅರ್ಧ ದಪ್ಪದ ತಾಮ್ರ ತರುವುದು, ದ್ರಾವಣವನ್ನು ಬೆಚ್ಚಗಿಟ್ಟು ಡಬ್ಬಿಯನ್ನು ತೂಗುತ್ತಲೇ ಇದ್ದು ಬೇಗ ಮುಗಿಸುವುದು, ಬಯಲು ತೆರವಾದ ಕ್ಷಣವೇ ಎತ್ತಿ ತೊಳೆಯುವುದು. ಬದುವಿನ ವ್ಯಾಜ್ಯಕ್ಕೆ ಇಷ್ಟು ಸಲೀಸಾದ ಉಪಾಯ ಶಿಗ್ಗಾಂವಿಯ ಯಾವ ವಕೀಲರೂ ಹೇಳಿದ್ದಿಲ್ಲ.

ಇಷ್ಟಕ್ಕೂ ನಾನು ಮಾಡಹೊರಟದ್ದು ಹೊಲಕ್ಕೆ ತ್ರೀಫೇಸ್ ಬಂದೊಡನೆ ಮೊಬೈಲಿಗೆ ಮೆಸೇಜು ಕಳಿಸುವ ಪೆಟ್ಟಿಗೆ. ಅದಕ್ಕೆ ಕಾಲಿಂದ ಕಾಲಿಗೆ 2.54 ಮಿಲಿಮೀಟರ್ ಅಂತರವಿರುವ ಹಳೇ ಐಸಿ ಧಾರಾಳ ಸಾಕು. ಪಂಪ್‌ಸೆಟ್ಟಿನ ಹತ್ತಿರದ ಗೆರೆಗಳಂತೂ ದಪ್ಪಗಿದ್ದಷ್ಟೂ ಕ್ಷೇಮ. ಆದರೂ ಅರ್ಧ ಮಿಲಿಮೀಟರ್ ಅಂತರದ ಐಸಿಯನ್ನೇ ಕೂರಿಸಬೇಕೆಂಬ ಹಟ. ಇದಕ್ಕೆ ಕಾರಣ ಜಂಬ. ಬೇರೆ ಹೆಸರು ಹುಡುಕುವುದು ವ್ಯರ್ಥ. ದುಡ್ಡು ಕಳಿಸಿದರೆ ಕಾರ್ಖಾನೆಯವರು ಇದಕ್ಕಿಂತ ಚೆಂದದ್ದನ್ನು ಮಾಡಿ ಮನೆಗೇ ಕಳಿಸುತ್ತಾರೆ. ಅದನ್ನು ಯಾರಿಗಾದರೂ ತೋರಿಸಿ ಏನು ಸುಖ?

ಮನೆಯವರೆದುರು ನನ್ನ ವಕಾಲತ್ತಿಗೆ ಸಿಕ್ಕ ದೊಡ್ಡ ಹೆಸರು ಪಾಲ್ ಐಸ್ಲರ್. ವಿಯೆನ್ನಾದಿಂದ ಲಂಡನ್ನಿಗೆ ಬಂದ ಈ ಎಂಜಿನಿಯರ್ 1936ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ಬಾಡಿಗೆ ಕೋಣೆಯೊಂದರಲ್ಲಿ ಅಚ್ಚಿನ ಸರ್ಕಿಟ್ಟಿನ ರೇಡಿಯೊ ಮಾಡಿದ. ಎಂದರೆ ಈ ಉದ್ಯೋಗ ಹುಟ್ಟಿದ್ದೇ ವಾಸದ ಕೋಣೆಯಲ್ಲಿ. ‘ಆ ಮನೀ ಮಾಲಕರು ಸುಮ್ಮನಿದ್ರನು?’ ಎಂದಳು ಅವ್ವ. ಇತಿಹಾಸಕಾರರಿಗೆ ಹೊಳೆಯದ ಪ್ರಶ್ನೆ.

ಕೊನೆಗೊಂದು ಹಲಗೆ ಗೆದ್ದಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೂ ಗೆರೆ ಕಡಿದಿರಲಿಲ್ಲ. ನಮ್ಮ ಬದು ಸವರುವ ಬಾಜೂ ಹೊಲದ ಕಾಕಾನಿಗೇ ಮೊದಲು ತೋರಿಸಿದೆ. ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದವನು ತಂಬಾಕು ಉಗುಳಿ ಬಂದು ಕೇಳಿದ: ‘ಇಷ್ಟ ಸಣ್ಣ ಗೆರ್ಯಾಗ ಕರೆಂಟು ಹರಸ್ತೀ ಅಂದ್ರ ಶಾಣ್ಯಾನ ಬಿಡು. ಅಷ್ಟು ದಪ್ಪ ತಂತಿ ಎಳದಾರಲ್ಲೊ ತಮ್ಮಾ ಹೊಲಕ್ಕ, ಅದ್ರಾಗ ಹಗಲೊತ್ತು ಒಂದೀಟು ಹರಸ್ತೀಯೇನು?’