ಗಾಯನ ಗುರು: ಬಳಸುವ ಮೊದಲು ಓದಿರಿ

ಅಭಿನಂದನೆಗಳು. ನಿಮಗೊಂದು ಗಂಟಲಿದೆ. ಚಿಕ್ಕನರಗುಂದದ ಗಂಟಲೆಂದರೆ ಸುಮ್ಮನಲ್ಲ. ಎರೆಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ, ಎತ್ತುಗಳನ್ನು ಗದರಿಸಿ, ಜಾತ್ರೆಯ ಮೈಕಿನಲ್ಲಿ ಭಜನಾ ಪದ ಹೇಳಿ ಪಳಗಿದ ಸರಕು. ಈಚೆಗೆ ಯಾರೋ ಕಟ್ಟೆಯ ಮೇಲೆ ಕೂತು, "ನಿನ್ನ ದನಿ ಭಾಳ ಚಲೋ ಐತಲೇ, ಸಂಗೀತ ಕಲಿ" ಅಂದಿದ್ದಾರೆ. ಹಾಗೆಂದವರು ತಾವು ಕಲಿಸುವುದಿಲ್ಲ, ಫೀಯನ್ನೂ ಕೊಡುವುದಿಲ್ಲ. ಆದ್ದರಿಂದ ಗುರುವನ್ನು ಆರಿಸಲು ಈ ಕೈಪಿಡಿ.

ಡಬ್ಬಿಯಲ್ಲಿರುವ ವಸ್ತುಗಳು

ಧ್ವನಿತಂತು ಎರಡು. ಮಾತಾಡುವಾಗ ಇವು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕಿಂತ ತುಸು ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು 200 ಸಲ ಅದುರುತ್ತವೆ. ಗಾಳಿ ತುಂಬಲು ಪುಪ್ಪುಸ ಎರಡು, ಅವುಗಳ ಕೆಳಗೆ ವಪೆ ಒಂದು. ಕಿವಿ ಎರಡು. ಕಿವಿ ಕೆಲಸ ಮಾಡುತ್ತಿವೆ ಎಂದೇ ಎಲ್ಲರೂ ನಂಬಿರುತ್ತಾರೆ, ಪರೀಕ್ಷೆ ಕೊನೆಯಲ್ಲಿದೆ. ಬಿಡಿಭಾಗಗಳು ಎಲ್ಲಿಯೂ ಸಿಗುವುದಿಲ್ಲ.

ಹಂತ 1: ದೂರ ಅಳೆಯುವುದು

ನಿಮ್ಮ ನೆರೆಯ ರೋಣದ ಭೀಮಸೇನ ಜೋಶಿ ಹುಟ್ಟಿದ್ದು 1922ರಲ್ಲಿ. ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡ ಈ ಹುಡುಗ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್, ಕಲ್ಕತ್ತಾ ಅಂತ ಅಲೆದು ಜಲಂಧರ ಮುಟ್ಟಿದ. ತಂದೆ ಅಲ್ಲಿಂದ ಮನೆಗೆ ಕರೆತಂದರು. ಕೊನೆಗೆ 1936ರಲ್ಲಿ ಗುರು ಸಿಕ್ಕಿದ್ದೆಲ್ಲಿ? ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಆದಕಾರಣ ಮೊದಲು ನರಗುಂದಕ್ಕೆ ಬಂದು ಗದಗಿನ ಬಸ್ಸು ಹತ್ತಿ. ಜಲಂಧರದ ಟಿಕೆಟ್ಟು ಆಮೇಲೆ ನೋಡೋಣ.

ಹಂತ 2: ಅವಧಿ ವಿಚಾರಿಸುವುದು

"ಎಷ್ಟು ದಿನಕ್ಕ ಬರ್ತೈತ್ರಿ?" ಎಂದು ಗುರುವನ್ನು ಕೇಳಿ. "ಮೂರು ತಿಂಗಳಿಗೆ ಸ್ಟೇಜ್ ಹತ್ತಿಸ್ತೀನಿ" ಎಂಬ ಉತ್ತರ ಬಂದರೆ ಚಹಾ ಕುಡಿದು ಎದ್ದುಬಿಡಿ. ಸವಾಯಿ ಗಂಧರ್ವರನ್ನು ಶಿಷ್ಯನಾಗಿ ಒಪ್ಪುವಾಗ ಕರೀಂ ಖಾನರು ಹಾಕಿದ ಕರಾರು ಎಂಟು ವರ್ಷದ್ದು. ಗಾಯಕ ವೆಂಕಟೇಶಕುಮಾರರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಳೆದದ್ದು 12 ವರ್ಷ. ಪ್ರಶ್ನೆ ಕೇಳಿ ಗುರು ನಕ್ಕರೆ ಚಾಪೆ ಹಾಸಿಕೊಂಡು ಕೂಡಿ.

ಹಂತ 3: ಪೆಟ್ಟಿಗೆ ಪರೀಕ್ಷೆ

ಇದು ಮುಖ್ಯ ಹಂತ, ಆತುರ ಬೇಡ. ಹಾರ್ಮೋನಿಯಂ ಮುಂದೆ ಕೂತ ಗುರುವಿನ ಬೆರಳು ನೋಡಿ. ಬಂದವರಿಗೆಲ್ಲ, ಮೀಸೆ ಬಂದ ಹುಡುಗನಿಗೂ ಎಂಟು ವರ್ಷದ ಹುಡುಗಿಗೂ, ಕರಿ ಒಂದರಲ್ಲೇ, ಅಂದರೆ ಮೊದಲ ಕರಿ ಮನೆಯಲ್ಲೇ, ಸಾ ಹಿಡಿಸುತ್ತಿದ್ದರೆ ಆ ಗುರುವಿಗೆ ಪೆಟ್ಟಿಗೆ ಗೊತ್ತು, ಗಂಟಲು ಗೊತ್ತಿಲ್ಲ. ಒಳ್ಳೆಯ ಗುರು ಒಂದೊಂದೇ ಮನೆ ಸರಿಸುತ್ತ, ಕೆಳಗೆ ಎಲ್ಲಿಗೆ ದನಿ ಅಡಗುತ್ತದೆ, ಮೇಲೆ ಎಲ್ಲಿಗೆ ಕತ್ತಿನ ನರ ಉಬ್ಬುತ್ತದೆ ಎಂದು ಆಲಿಸಿ, ಅವುಗಳ ನಡುವೆ ನಿಮ್ಮ ಸಾ ಹುಡುಕುತ್ತಾರೆ. ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಡುದನಿಯಂತಾಯಿತು. ಅವರು ಸಣ್ಣ ದನಿಯ ನಟನೆಗೆ ಹೋಗಲಿಲ್ಲ. ಇದ್ದ ದನಿಯ ಮೇಲೆಯೇ ಮನೆ ಕಟ್ಟಿದರು. ಲೋಕ ಅದೇ ದನಿಗೆ ತಲೆದೂಗಿತು.

ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರ ಮುಂದೆ ನಿಮ್ಮ ಇಸ್ತ್ರಿ ಅಂಗಿ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಒಂದು ಸಾ ಹಚ್ಚಬೇಕಿತ್ತು, ಅಷ್ಟೆ. ಗುರುವಿನ ಗೋಡೆಯ ಮೇಲಿನ ಶಾಲು-ಫೋಟೋ ಎಣಿಸುವ ಬದಲು ನೀವೂ ಕಣ್ಣು ಮುಚ್ಚಿ ಕೂತರೆ ಲೇಸು. ಶಿಷ್ಯ ಹಾಡುವಾಗ ಗುರು ಸುಮ್ಮನಿದ್ದು ಕೇಳುತ್ತಾರೋ, ತಾವೇ ಹಾಡಿ ಮುಗಿಸುತ್ತಾರೋ, ತಿಳಿದುಬಿಡುತ್ತದೆ.

ಹಂತ 4: ಚಾಲೂ ಮಾಡುವುದು

ಕೋಳಿ ಕೂಗುವ ಮೊದಲೇ ಎದ್ದು ಖರ್ಜ ಹಚ್ಚಿ. ಅಂದರೆ ಮಂದ್ರದ ಸ್ವರಗಳನ್ನು ಉಸಿರಿರುವಷ್ಟು ಹೊತ್ತು ಹಿಡಿದು ನಿಲ್ಲಿ. ಕೊಟ್ಟಿಗೆಯ ಎಮ್ಮೆ ಮೊದಲ ವಾರ ಉತ್ತರ ಕೊಡುತ್ತದೆ, ಆಮೇಲೆ ಬಿಡುತ್ತದೆ. ಪಕ್ಕದ ಮನೆಯವರು ಬಿಡುವುದಿಲ್ಲ. ಸವಾಯಿ ಗಂಧರ್ವರು ಒಂದು ಸ್ವರಸಾಲು ನೆಟ್ಟಗೆ ಕೂಡುವ ತನಕ ಶಿಷ್ಯೆ ಗಂಗೂಬಾಯಿಯವರಿಂದ ಅದನ್ನೇ ತಿರುತಿರುಗಿ ಹೇಳಿಸುತ್ತಿದ್ದರು. ನಿಮ್ಮ ಗುರು ಮೊದಲ ದಿನವೇ ಸಿನಿಮಾ ಹಾಡು ಕೊಟ್ಟರೆ ಖುಷಿಪಡುವ ಬದಲು ಅನುಮಾನಪಡಿ.

ಎಚ್ಚರಿಕೆ

ಹಾಡಿದರೆ ದಣಿವಾಗಬಹುದು, ನೋವಾಗಬಾರದು. "ನೋವಾದ್ರ ಆಗ್ಲಿ, ಒದರು" ಎನ್ನುವ ಗುರುವಿನಿಂದ ದೂರವಿರಿ. ಗಂಟಲು ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಜೇಷ್ಠಮಧು ಅಗಿಯುತ್ತ ಕೂಡಬೇಡಿ. ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಇದರಿಂದ ಮನೆಯವರಿಗೂ ಲಾಭವುಂಟು.

ತೊಂದರೆ ಮತ್ತು ಪರಿಹಾರ

ಗುರು ಹಾಡು ಬಿಟ್ಟು ನೀರು ತರಲು ಹಚ್ಚಿದ್ದಾರೆ: ಭೀಮಸೇನರೂ ಕುಂದಗೋಳದಲ್ಲಿ ಕೊಡ ಹೊತ್ತಿದ್ದಾರೆ. ಆದರೆ ನೀರು ಹೊತ್ತವರೆಲ್ಲ ಭೀಮಸೇನರಾಗಿಲ್ಲ. ಆರು ತಿಂಗಳಾದರೂ ಕೊಡವೇ ಇದ್ದು ಸಾ ಬರದಿದ್ದರೆ, ನೀವು ಹಿಡಿದದ್ದು ಗುರುವನ್ನಲ್ಲ, ನೌಕರಿಯನ್ನು.

ಗುರು ಹೊಗಳುತ್ತಲೇ ಇಲ್ಲ: ದೋಷವಲ್ಲ. "ನಾಳೆ ಬಾ" ಅಂದರೆ ಅದೇ ಹೊಗಳಿಕೆ.

ವರ್ಷವಾಯಿತು, ಒಂದು ರಾಗವೂ ಪೂರ್ತಿ ಬಂದಿಲ್ಲ. ಹೋದ ಸಲದ ಜಾತ್ರೆಯಲ್ಲಿ ಹಾಡಿದ್ದನ್ನು ಮೊಬೈಲಿನಲ್ಲಿ ಹಚ್ಚಿದರೆ ಶ್ರುತಿ ಬಿಟ್ಟದ್ದು ಕೇಳಿ ಮೈ ಉರಿಯುತ್ತದೆ, ಹಾಡಿದವರು ನೀವೇ: ರಿಪೇರಿ ಬೇಡ. ಡಬ್ಬಿಯಲ್ಲಿದ್ದ ಎರಡು ಕಿವಿಗಳು ಈಗಷ್ಟೇ ಚಾಲೂ ಆಗಿವೆ. ಗುರು ಸರಿಯಾಗಿದ್ದಾರೆ. ನಾಳೆ ಹೋಗಿ.